ಗೋಲಿನ ಗೆರೆಯ ಸುಣ್ಣ

ಸುಣ್ಣ ಪೂರ್ತಿ ಅರಳಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ನಮ್ಮಪ್ಪ ಒಂದು ಉಪಾಯ ಹೇಳಿಕೊಟ್ಟಿದ್ದ. ಒಂದು ಚಿಟಿಕೆ ಪುಡಿಯನ್ನು ಅಂಗೈಯಲ್ಲಿ ಹಾಕಿಕೊಂಡು ಅದರ ಮೇಲೆ ಒಂದು ಹನಿ ನೀರು ಬಿಡಬೇಕು. ತಣ್ಣಗಿದ್ದರೆ ಗೋಡೆಗೆ ಬಳಿಯಬಹುದು. ಬಿಸಿಯಾದರೆ ಅದು ಭಟ್ಟಿಯಿಂದ ತೆಗೆದ ಹಾಗೇ ಇರುವ ಸುಣ್ಣ, ಒದ್ದೆ ಮೈಗೆ ತಾಗಿದರೆ ಸುಡುತ್ತದೆ. ರಾಮದುರ್ಗದ ಕಡೆ ಸುಣ್ಣದ ಭಟ್ಟಿಯಲ್ಲಿ ದುಡಿದವನ ಮಗ ನಾನು. ಓದಿದ್ದು ಹತ್ತನೇ ಇಯತ್ತೆಯವರೆಗೆ. ಈ ವಿದ್ಯೆಯನ್ನು ಮಾತ್ರ ಶಾಲೆ ಕಲಿಸಬೇಕಾಗಿರಲಿಲ್ಲ. ಆದರೂ ಐದು ವರ್ಷದ ಹಿಂದೆ, ಮುಂಬೈನ ಒಂದು ಫುಟ್‌ಬಾಲ್ ಮೈದಾನದಲ್ಲಿ, ಅಂಗೈಯಲ್ಲಿ ಸುಣ್ಣ ಬಿಸಿಯಾದದ್ದು ಗೊತ್ತಾದ ಮೇಲೂ ನಾನು "ನಡೀತೈತಿ" ಎಂದುಬಿಟ್ಟೆ. ಆ ಮಾತಿನ ಹಿಂದುಮುಂದಿನ ಎಂಟು ದಿನಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೈದಾನ ಸಮುದ್ರಕ್ಕೆ ಹತ್ತಿರವಿತ್ತು. ಹೆಸರಿಗೆ ಫುಟ್‌ಬಾಲಿನದು. ಆದರೆ ಬೆಳಿಗ್ಗೆ ಅದು ವಾಕಿಂಗ್ ಮಾಡುವ ಮುದುಕರದು, ಬಿಸಿಲೇರಿದ ಮೇಲೆ ಮೀನು ಒಣಗಿಸುವ ಹೆಂಗಸರದು, ಚುನಾವಣೆ ಬಂದರೆ ಪಾರ್ಟಿಗಳದು, ಲಗ್ನದ ತಿಂಗಳಲ್ಲಿ ಪೆಂಡಾಲಿನವರದು. ಎಲ್ಲರೂ ಬಿಟ್ಟ ಹೊತ್ತಿನಲ್ಲಿ ಚೆಂಡು ಉರುಳುತ್ತಿತ್ತು. ಎಲ್ಲರೂ ಹೋದ ಮೇಲೆ ನೆಲವನ್ನು ಮತ್ತೆ ಮೈದಾನ ಮಾಡುವುದು ನನ್ನ ಕೆಲಸ. ಸ್ಟೋರ್ ರೂಮಿನ ಬೀಗದ ಕೈ ನನ್ನ ಸೊಂಟದಲ್ಲಿರುತ್ತಿತ್ತು.

ಆ ವರ್ಷ ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮುಂಚೆ, ಓಣಿ ಓಣಿಗಳ ಹೆಣ್ಣುಮಕ್ಕಳ ತಂಡಗಳ ಕಪ್ಪಿನ ಫೈನಲ್ ನಮ್ಮಲ್ಲಿತ್ತು. ಅದಕ್ಕೆ ಎಂಟು ದಿನ ಮೊದಲು ಅಲ್ಲಿ ದೊಡ್ಡ ರಾಜಕೀಯ ಸಭೆ ನಡೆದಿತ್ತು. ಪೆಂಡಾಲಿನವರು ಬೊಂಬು ಕಿತ್ತುಕೊಂಡು ಹೋದರು, ಕುಣಿಗಳನ್ನು ಬಿಟ್ಟು ಹೋದರು. ಎಣಿಸಿದರೆ ನೂರರ ಮೇಲಿದ್ದವು. ಕುಣಿಯಾದರೂ ಕಣ್ಣಿಗೆ ಕಾಣುತ್ತದೆ. ಬಟ್ಟೆಗೆ ಹೊಡೆದ ಸಣ್ಣ ಮೊಳೆಗಳು ಮಣ್ಣಿನಲ್ಲಿ ಬಿದ್ದಿದ್ದವು, ಅವು ಕಾಣುವುದಿಲ್ಲ. ಆಟಗಾರ್ತಿ ಜಾರಿ ಬಿದ್ದರೆ ತೊಡೆ ಸೀಳಿಹೋಗುತ್ತದೆ.

ನನ್ನ ಜೊತೆ ಕೆಲಸಕ್ಕಿದ್ದವನು ಯರಗಟ್ಟಿಯವನು, ನಲವತ್ತರ ಆಸುಪಾಸಿನ ಗಂಡಸು. ಯರಗಟ್ಟಿ ಪೇಟೆಯಲ್ಲಿ ಚೀಲ ಹೊರುತ್ತಿದ್ದವನನ್ನು ಮುಂಬೈಗೆ ಕರೆದುಕೊಂಡು ಹೋದವನೇ ನಾನು. ಮುನವಳ್ಳಿಯವನಾದ ನನಗೆ ಯರಗಟ್ಟಿ ಎಂದರೆ ನೆರೆಮನೆ ಇದ್ದ ಹಾಗೆ. ನನ್ನ ಖೋಲಿಯಲ್ಲೇ ಇಟ್ಟುಕೊಂಡೆ, ಸಲಿಕೆ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದೆ. ಮೂರು ವರ್ಷದಲ್ಲಿ ಅವನು ನನಗಿಂತ ಚೆನ್ನಾಗಿ ಕಲಿತ. ನನ್ನ ಕಷ್ಟ ಶುರುವಾದದ್ದು ಅಲ್ಲಿಂದ.

ಮೊಳೆ ಆರಿಸುವುದಕ್ಕೆ ನಾನು ಮೊದಲಿನಿಂದ ಮಾಡುತ್ತಿದ್ದದ್ದು ಒಂದೇ ದಾರಿ: ಕುಕ್ಕರುಗಾಲಲ್ಲಿ ಕುಳಿತು, ಕೈಯಿಂದ ಮಣ್ಣು ಸವರುತ್ತ ಹೋಗುವುದು. ಮೊದಲ ದಿನ ಸಂಜೆಯವರೆಗೆ ಅರ್ಧ ಡಬ್ಬಿ ಆರಿಸಿದೆ. ನನ್ನ ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಮರುದಿನ ಅವನು ಗುಜರಿ ಅಂಗಡಿಗೆ ಹೋಗಿ ಕೆಟ್ಟುಹೋದ ಧ್ವನಿವರ್ಧಕಗಳ ಹಿಂದಿನ ಅಯಸ್ಕಾಂತಗಳನ್ನು ತಂದ. ಆರು ದುಂಡನೆಯ ಕಪ್ಪು ಬಿಲ್ಲೆಗಳು. ಒಂದು ಹಲಗೆಗೆ ಸಾಲಾಗಿ ಕಟ್ಟಿ, ಹಗ್ಗ ಹಾಕಿ, ಎತ್ತಿಲ್ಲದ ಕುಂಟೆಯ ಹಾಗೆ ಎಳೆದುಕೊಂಡು ಹೊರಟ. ಹತ್ತು ಹೆಜ್ಜೆಗೊಮ್ಮೆ ಹಲಗೆ ಮಗುಚಿದರೆ ಮೊಳೆಗಳು ಮುಳ್ಳುಹಂದಿಯ ಹಾಗೆ ನಿಂತಿರುತ್ತಿದ್ದವು. ಮಧ್ಯಾಹ್ನದ ಊಟದ ಹೊತ್ತಿಗೆ ಅರ್ಧ ಮೈದಾನ ಮುಗಿದಿತ್ತು.

"ಭಾಷಣ ಮಾಡಿದ ಸ್ಪೀಕರ್‌ದಿಂದನ ಭಾಷಣದ ಮೊಳಿ ತೆಗಿಯೂದು, ಕಾಕಾ" ಎಂದು ನಕ್ಕ.

ಕ್ಲಬ್ಬಿನ ಸೆಕ್ರೆಟರಿ ಉಡುಪಿ ಕಡೆಯವರು, ಸ್ಟೇಷನ್ ಹತ್ತಿರ ಹೋಟೆಲ್ ನಡೆಸುತ್ತಿದ್ದರು. ಅವರು ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಿ ನೋಡುತ್ತಲೇ ನಿಂತರು.

"ಎಂತ ತಲೆ ಮಾರಾಯ ನಿಂದು! ಇಷ್ಟು ವರ್ಷ ಇದು ಯಾರಿಗೂ ಹೊಳೆಯಲಿಲ್ಲವಾ?"

ಇಷ್ಟು ವರ್ಷ ಇದ್ದವನು ನಾನು. ಅವರು ನನ್ನನ್ನು ಚುಚ್ಚಲು ಹಾಗೆ ಹೇಳಲಿಲ್ಲ ಎಂದು ಈಗ ಗೊತ್ತಾಗುತ್ತದೆ. ಅಂದು ಡಬ್ಬಿಯಲ್ಲಿದ್ದ ನನ್ನ ಮೊಳೆಗಳನ್ನು ಅವನ ರಾಶಿಗೆ ಸುರಿದು, ತಲೆನೋವೆಂದು ಹೇಳಿ ಖೋಲಿಗೆ ಹೋಗಿ ಮಲಗಿದೆ. ಸಂಜೆ ಅವನು ನನಗೆಂದು ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದ. ಇಡ್ಲಿ ತಿಂದೆ, ಅವನೊಡನೆ ಮಾತಾಡಲಿಲ್ಲ.

ಮುಂದಿನ ಮೂರು ದಿನ ಕುಣಿ ಮುಚ್ಚಿದೆವು. ಕೆಳಗೆ ಜಲ್ಲಿಕಲ್ಲಿನ ಖಡಿ, ಮೇಲೆ ಕೆಂಪು ಮಣ್ಣು, ನೀರು ಚಿಮುಕಿಸಿ ದಿಮ್ಮಸಿನ ಪೆಟ್ಟು, ಮರುದಿನ ಕುಸಿದಷ್ಟು ಮತ್ತೆ ಮಣ್ಣು. ಆರನೇ ದಿನ ರೋಲರ್ ಎಳೆದೆವು. ಏಳನೇ ದಿನ ಬೆಳಿಗ್ಗೆ ವಾಕಿಂಗಿನ ಮುದುಕರು ಜಗಳಕ್ಕೆ ಬಂದರು, ಹಗ್ಗ ಕಟ್ಟಿ ದಾರಿ ಅಡ್ಡ ಹಾಕಿದ್ದೀರಿ ಎಂದು. ನಾನು ದನಿ ಏರಿಸಿದೆ. ಯರಗಟ್ಟಿಯವನು ಒಬ್ಬ ಮುದುಕರ ಕೈಗೆ ಅಳತೆಯ ಹಗ್ಗದ ತುದಿ ಕೊಟ್ಟು, "ಸಾಹೇಬ್ರ, ಹಿಂಗ ಜರಾ ಹಿಡೀರಿ" ಎಂದ. ಹತ್ತು ನಿಮಿಷದಲ್ಲಿ ಆರು ಜನ ಮುದುಕರು ಅವನ ಕೈಕೆಳಗೆ ಕೆಲಸ ಮಾಡುತ್ತಿದ್ದರು. ಬೈದವರು ಹಲ್ಲು ಬಿಟ್ಟು ನಗುತ್ತಿದ್ದರು.

ಗೆರೆ ಹಾಕುವುದಕ್ಕೆ ಮೊದಲು ಮೂಲೆ ತೆಗೆಯಬೇಕು. ಹಗ್ಗದಲ್ಲಿ ಮೂರು, ನಾಲ್ಕು, ಐದರ ಅಳತೆಗೆ ಗಂಟು ಹಾಕಿ ತ್ರಿಕೋನ ಎಳೆದರೆ ಮೂಲೆ ಕಾಟಕೋನಕ್ಕೆ, ಅಂದರೆ ಸರಿಯಾಗಿ ತೊಂಬತ್ತು ಡಿಗ್ರಿಗೆ, ಬರುತ್ತದೆ. ನಾನು ಪ್ರತಿ ಮೂಲೆಗೂ ಎರಡು ಸಲ ಎಳೆದು ನೋಡುವವನು. ಅವನು ಗೋಲಿನ ಕಂಬಕ್ಕೆ ಬೆನ್ನು ಕೊಟ್ಟು ನಿಂತು, ಒಂದು ಕಣ್ಣು ಮುಚ್ಚಿ, ಗೂಟ ಹೊಡೆಯುತ್ತಿದ್ದ. ಆಮೇಲೆ ಹಗ್ಗ ಹಿಡಿದರೆ ಒಂದು ಬೆರಳಿನ ತಪ್ಪೂ ಇರುತ್ತಿರಲಿಲ್ಲ. ತಪ್ಪು ಸಿಗಲಿ ಎಂದು ನಾನು ಮೂರನೆಯ ಸಲ ಹಗ್ಗ ಎಳೆದದ್ದುಂಟು.

ಇನ್ನೊಂದು ಸಂಗತಿ ಹೇಳಬೇಕು. ನಮ್ಮ ಓಣಿಯ ತಂಡದ ಗೋಲ್‌ಕೀಪರ್ ಮೀನುಗಾರರ ಮನೆಯ ಹುಡುಗಿ, ಕಾಲೇಜಿನಲ್ಲಿ ಓದುತ್ತಿದ್ದಳು. ಆಟಕ್ಕೆ ಇಳಿಯುವ ಮುಂಚೆ ಬಗ್ಗಿ ಗೋಲಿನ ಗೆರೆ ಮುಟ್ಟಿ, ಆ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಳ್ಳುವುದು ಅವಳ ಪದ್ಧತಿ. ಆಮೇಲೆ ನನ್ನ ಕಡೆ ತಿರುಗಿ ಮರಾಠಿಯಲ್ಲಿ, "ಕಾಕಾ, ಗೆರೆ ಸೀದಾ ಇದೆಯಲ್ಲ?" ಎಂದು ಕೇಳುತ್ತಿದ್ದಳು. ನಾನು ಕೈ ಎತ್ತುತ್ತಿದ್ದೆ. ಆ ವರ್ಷದಿಂದ ಅವಳು ಆ ಮಾತನ್ನು ಅವನಿಗೆ ಕೇಳತೊಡಗಿದ್ದಳು. ಗೆರೆ ಹಾಕುತ್ತಿದ್ದವನು ಅವನಾದ್ದರಿಂದ ಅವನನ್ನು ಕೇಳಿದಳು, ಅಷ್ಟೇ. ಆದರೆ ಎತ್ತಲು ಹೊರಟ ನನ್ನ ಕೈ ಅರ್ಧಕ್ಕೆ ನಿಂತದ್ದನ್ನು ನಾನು ಮರೆಯಲಾರದೆ ಹೋದೆ.

ಫೈನಲಿನ ಹಿಂದಿನ ದಿನ ಮಧ್ಯಾಹ್ನ ಸೆಕ್ರೆಟರಿ ನನ್ನನ್ನು ಹೋಟೆಲಿಗೆ ಕರೆದರು. ಕಾಫಿ ತರಿಸಿದರು.

"ನಿಮಗೂ ವಯಸ್ಸಾಯಿತು ಮಾರಾಯ್ರೆ. ನಾಳೆ ಆಟ ಮುಗಿದ ಮೇಲೆ ಬೀಗದ ಕೈ ಅವನಿಗೆ ಕೊಟ್ಟುಬಿಡಿ. ನೀವು ಕುರ್ಚಿ ಹಾಕಿ ಕೂತು ಹೇಳಿದರೆ ಸಾಕು. ಸಂಬಳ ಹಾಗೆಯೇ ಬರ್ತದೆ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು "ಆತು, ಸಾಹೇಬ್ರ" ಎಂದೆ. ಕಾಫಿ ಅರ್ಧ ಬಿಟ್ಟು ಎದ್ದೆ.

ಮೈದಾನಕ್ಕೆ ಬಂದರೆ ಸ್ಟೋರಿನಲ್ಲಿ ಬೇರೆಯದೇ ತಾಪತ್ರಯ. ಗೆರೆಗೆ ನಾವು ಬಳಸುತ್ತಿದ್ದದ್ದು ಸೀಮೆಸುಣ್ಣದ ಪುಡಿ, ಕಣ್ಣಿಗೆ ಬಿದ್ದರೂ ಅಪಾಯವಿಲ್ಲದ್ದು. ಸಭೆಯ ದಿನ ನೀರಿನ ಟ್ಯಾಂಕರಿನ ಕೊಳವೆ ಸೋರಿ, ಇದ್ದ ಚೀಲಗಳೆಲ್ಲ ನೆಂದು ಗಟ್ಟಿಯಾಗಿದ್ದವು. ಅದನ್ನು ನೋಡಬೇಕಾದವನು ಬೀಗದ ಕೈ ಇಟ್ಟುಕೊಂಡ ನಾನು. ಅಷ್ಟೂ ದಿನ ನೋಡಿರಲಿಲ್ಲ. ಆ ಪುಡಿ ಮಾರುವವನು ಎರಡು ದಿನ ತಡೆಯಿರಿ ಎಂದ. ಯರಗಟ್ಟಿಯವನು ಸೈಕಲ್ ತೆಗೆದುಕೊಂಡು ಸುತ್ತಾಡಿ, ಸಂಜೆ ಹೊತ್ತಿಗೆ ಎಲ್ಲಿಂದಲೋ ಎರಡು ಚೀಲ ಸುಣ್ಣದ ಪುಡಿ ತಂದ. ಚೀಲದ ಬಾಯಿ ಬಿಚ್ಚಿ ನನ್ನ ಮುಂದೆ ಇಟ್ಟ.

"ಕಾಕಾ, ಇದು ನಡೀತೈತೇನ್ರಿ, ಒಮ್ಮೆ ನೋಡ್ರಿ. ನಿಮ್ಮಪ್ಪ ಭಟ್ಟಿಯಾಗ ದುಡದವ್ರು. ನಂಗ ಜ್ವಾಳದ ಚೀಲ ಗೊತ್ತು, ಸುಣ್ಣ ಗೊತ್ತಿಲ್ಲ."

ಅವನು ನೀರಿನ ಬಾಟಲಿ ತರಲು ಒಳಗೆ ಹೋದಾಗ ನಾನು ಚಿಟಿಕೆ ಪುಡಿ ತೆಗೆದುಕೊಂಡೆ. ಒಂದು ಹನಿ ಉಗುಳು ಬಿಟ್ಟೆ. ಎರಡು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅಂಗೈ ನಡುವೆ ಬೀಡಿಯ ಬೆಂಕಿ ಇಟ್ಟ ಹಾಗಾಯಿತು. ಕೈಯನ್ನು ಧೋತರಕ್ಕೆ ಒರೆಸಿಕೊಂಡೆ.

ಅವನು ನೀರು ಕುಡಿಯುತ್ತ ಹೊರಗೆ ಬಂದ. "ಹೆಂಗೈತ್ರಿ?"

"ನಡೀತೈತಿ. ಸುಣ್ಣ ಅಂದ್ರ ಸುಣ್ಣ, ಅದರಾಗ ಏನ್ ನೋಡೂದೈತಿ" ಎಂದೆ.

ಆಗ ನನ್ನ ತಲೆಯಲ್ಲಿ ಏನಿತ್ತು ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಯಾರಿಗಾದರೂ ಪೆಟ್ಟಾಗಲಿ ಎಂದು ನಾನು ಬಯಸಲಿಲ್ಲ. ನಾಲ್ಕು ಜನರ ಮೊಣಕಾಲು ಉರಿಯಲಿ, ಅವನ ಹೆಸರು ಸ್ವಲ್ಪ ಕೆಡಲಿ, ಬೀಗದ ಕೈ ನನ್ನ ಸೊಂಟದಲ್ಲೇ ಉಳಿಯಲಿ, ಇಷ್ಟೇ ಎಂದುಕೊಂಡೆ. ಇನ್ನೊಬ್ಬರ ಮೈ ಎಷ್ಟು ಸುಡಬಹುದು ಎಂಬುದನ್ನು ನಾನೇ ಕೂತು ಗೊತ್ತುಮಾಡಿದೆ. ಅದು ಸಣ್ಣ ಪಾಪ ಎಂದು ಆಗ ಅನ್ನಿಸಿತ್ತು.

ಬೆಳಿಗ್ಗೆ ಅವನು ಗೆರೆ ಹಾಕಿದ. ಅಷ್ಟು ಬಿಳಿಯ ಗೆರೆ ಆ ಮೈದಾನ ಕಂಡಿರಲಿಲ್ಲ. ನಡುವಿನ ವೃತ್ತಕ್ಕೆ ಹಗ್ಗ ತಿರುಗಿಸಿ ಮುಗಿಸಿದಾಗ ನೋಡುತ್ತ ನಿಂತಿದ್ದ ಮುದುಕರು ಚಪ್ಪಾಳೆ ತಟ್ಟಿದರು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದರೂ ಅವನ ಬೆರಳ ಸಂದಿ ಕೆಂಪಾಗಿತ್ತು. "ಈ ಸುಣ್ಣ ಜರಾ ಕಡೀತೈತ್ರಿ" ಎಂದ. "ಹೊಸಾದೈತಿ" ಎಂದೆ.

ನಾಲ್ಕು ಗಂಟೆಗೆ ಜನ ತುಂಬಿದರು. ಅವರಿಗೆಂದು ತರಿಸಿದ ನೀರಿನ ಟ್ಯಾಂಕರ್ ಮೈದಾನದ ಅಂಚಿನಲ್ಲಿ ನಿಂತಿತ್ತು. ಮೊದಲು ಭಾಷಣಗಳು. ಮೈದಾನ ಉಳಿಸುತ್ತೇವೆ ಎಂದು ಮೂವರು ಹೇಳಿದರು; ಎಂಟು ದಿನ ಮೊದಲು ಅದೇ ಮೈದಾನದಲ್ಲಿ ಕುಣಿ ತೋಡಿಸಿದವರೂ ಆ ಮೂವರಲ್ಲಿದ್ದರು. ಆಮೇಲೆ ತಂಡಗಳು ಇಳಿದವು. ಗೋಲ್‌ಕೀಪರ್ ಹುಡುಗಿ ಓಡುತ್ತ ಗೋಲಿಗೆ ಬಂದು ಬಗ್ಗಿದಳು. ಗೆರೆ ಮುಟ್ಟಿದಳು. ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು.

ಈ ಪದ್ಧತಿ ನನಗೆ ನೆನಪೇ ಆಗಿರಲಿಲ್ಲ. ಕೈಗೆ ಗ್ಲೌಸ್ ಇತ್ತು, ಕಣ್ಣು ಮುಚ್ಚಿತ್ತು, ಪುಡಿ ಒಣಗಿತ್ತು, ಏನೂ ಆಗಲಿಲ್ಲ. ಅವಳು ಯರಗಟ್ಟಿಯವನ ಕಡೆ ತಿರುಗಿ ಕೇಳಿದಳು, ಅವನು ಕೈ ಎತ್ತಿದ. ಆಗ ಓಡಿಹೋಗಿ ಹೇಳಬಹುದಿತ್ತು. ಆಟ ನಿಲ್ಲಿಸಿ, ಗೋಲಿನ ಮುಂದಿನ ಸುಣ್ಣ ಕೆರೆದು ತೆಗೆಯಲು ಅರ್ಧ ಗಂಟೆ ಸಾಕಿತ್ತು. ಆದರೆ ಅವನು ಕೈ ಎತ್ತಿದ್ದು ಕಂಡು ನನ್ನ ಬಾಯಿ ಮತ್ತೆ ಮುಚ್ಚಿಕೊಂಡಿತು.

ಎರಡನೆಯ ಅರ್ಧದಲ್ಲಿ ಮಳೆ ಬಂತು. ಹತ್ತು ನಿಮಿಷದ ಮಳೆ, ಹನಿ ದಪ್ಪ. ಜನ ಖುಷಿಯಿಂದ ಕೂಗಿದರು. ಗೆರೆಗಳ ಮೇಲೆ ಸಣ್ಣಗೆ ಹಬೆ ಏಳುತ್ತಿತ್ತು. ಕಾದ ನೆಲ ತಣಿಯುತ್ತಿದೆ ಎಂದು ಎಲ್ಲರೂ ತಿಳಿದರು. ಗೊತ್ತಿದ್ದವನು ನಾನೊಬ್ಬ. ಎದುರು ತಂಡದವಳು ದೂರದಿಂದ ಹೊಡೆದ ಚೆಂಡು ಕಂಬದ ಬುಡಕ್ಕೆ ಬಂತು. ಹುಡುಗಿ ಉದ್ದಕ್ಕೆ ಹಾರಿ ಹಿಡಿದಳು. ಮುಖ ಗೋಲಿನ ಗೆರೆಯ ಮೇಲೆ ಬಿತ್ತು. ಚೆಂಡನ್ನು ಬಿಡಲಿಲ್ಲ. ಆಮೇಲೆ ಕಿರುಚಿದಳು.

ಎಲ್ಲರೂ ಓಡಿದೆವು. ಎಡಗಣ್ಣಿನ ಸುತ್ತ ಬಿಳಿಯ ಕೆಸರು ಮೆತ್ತಿತ್ತು. ಒಬ್ಬರು ನೀರಿನ ಬಾಟಲಿ ತಂದರು. ಯರಗಟ್ಟಿಯವನು ಅವರ ಕೈ ಹಿಡಿದ. "ನೀರ ಹಾಕಬ್ಯಾಡ್ರಿ! ಸುಣ್ಣಕ್ಕ ನೀರ ಬಿದ್ರ ಕುದೀತೈತಿ! ಎಣ್ಣಿ ತರ್ರಿ, ಎಣ್ಣಿ!" ಕೋಚ್ ಕೊಬ್ಬರಿ ಎಣ್ಣೆಯ ಸೀಸೆ ಹುಡುಕತೊಡಗಿದರು.

ಅವನು ಹೇಳಿದ್ದು ಎಲ್ಲರೂ ನಂಬುವ ಮಾತು. ಭಟ್ಟಿಯಲ್ಲಿ ಒಬ್ಬನ ಕಣ್ಣಿಗೆ ಸುಣ್ಣ ಬಿದ್ದಾಗ ಹೀಗೆಯೇ ಎಣ್ಣೆ ಹಾಕಿದ್ದರು. ಅವನ ಕಣ್ಣು ಹೋಯಿತು. ಅಂದಿನಿಂದ ನಮ್ಮಪ್ಪ ಹೇಳುತ್ತಿದ್ದ, ಬೊಗಸೆ ನೀರು ಹಾಕಿದರೆ ಸುಣ್ಣ ಕುದಿಯುತ್ತದೆ, ಹರಿಯುವ ನೀರು ಬಿಟ್ಟರೆ ಸುಣ್ಣವೇ ಕೊಚ್ಚಿಹೋಗುತ್ತದೆ ಎಂದು. ಅದನ್ನು ನಾನು ಹೇಳಬೇಕಿತ್ತು. ಹೇಳಿದರೆ, ಸುಣ್ಣದ ಬಗ್ಗೆ ಇಷ್ಟು ತಿಳಿದವನು ನಿನ್ನೆ ಚೀಲ ನೋಡಿ ಯಾಕೆ ಸುಮ್ಮನಿದ್ದ ಎಂದು ಯಾರಾದರೂ ಕೇಳುತ್ತಾರೆ. ಅವನಂತೂ ಕೇಳಿಯೇ ಕೇಳುತ್ತಾನೆ. ನಾನು ಅಲ್ಲೇ ನಿಂತೆ. ಎಷ್ಟು ಹೊತ್ತು ಎಂದು ಹೇಳಲಾರೆ. ಕೋಚ್ ಸೀಸೆಯ ಮುಚ್ಚಳ ತೆಗೆಯುವಷ್ಟು ಹೊತ್ತು.

ಆಮೇಲೆ ಸೀಸೆಯನ್ನು ಕೈಯಿಂದ ಬಡಿದು ಬೀಳಿಸಿದೆ. "ಪೈಪ್ ತರ್ರಿ! ಟ್ಯಾಂಕರ್ ಚಾಲೂ ಮಾಡ್ರಿ!" ಎಂದು ಒದರಿದೆ. ಧೋತರದ ತುದಿಯಿಂದ ಮೊದಲು ಕೆಸರು ಒರೆಸಿದೆ. ಅವಳ ತಲೆಯನ್ನು ನನ್ನ ತೊಡೆಯ ಮೇಲೆ ಓರೆ ಮಾಡಿ ಇಟ್ಟುಕೊಂಡೆ, ನೀರು ಇನ್ನೊಂದು ಕಣ್ಣಿಗೆ ಹರಿಯದ ಹಾಗೆ. ಎರಡು ಬೆರಳಿಂದ ರೆಪ್ಪೆ ಬಿಡಿಸಿ ಹಿಡಿದೆ. ಯರಗಟ್ಟಿಯವನು ಪೈಪ್ ಹಿಡಿದ. ಅವಳು ನನ್ನ ಕೈ ಕಚ್ಚಿದಳು, ನಾನು ರೆಪ್ಪೆ ಬಿಡಲಿಲ್ಲ. ಟ್ಯಾಂಕರ್ ಅರ್ಧ ಖಾಲಿಯಾಗುವವರೆಗೆ ನೀರು ಬಿಟ್ಟೆವು. ಅಷ್ಟು ಹೊತ್ತೂ ಅವನು ಕಣ್ಣು ನೋಡಲಿಲ್ಲ, ನೀರು ನೋಡಲಿಲ್ಲ. ನನ್ನ ಮುಖ ನೋಡುತ್ತಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರು, ತೊಳೆದದ್ದರಿಂದ ಕಣ್ಣು ಉಳಿಯಿತು ಎಂದರು. ಪೂರ್ತಿ ಉಳಿಯಲಿಲ್ಲ. ಎಡಗಣ್ಣಿನಲ್ಲಿ ಒಂದು ಮೂಲೆ ಮಬ್ಬಾಯಿತು. ಆ ತಿಂಗಳು ಅವಳಿಗಿದ್ದ ದೊಡ್ಡ ತಂಡದ ಆಯ್ಕೆ ತಪ್ಪಿತು.

ಮರುದಿನ ಕಮಿಟಿ ಕೂತಿತು. ಸುಣ್ಣ ಯಾರು ತಂದರು ಎಂದು ಕೇಳಿದರು.

ಯರಗಟ್ಟಿಯವನು ಎದ್ದು ನಿಂತ. "ತಂದಾವ ನಾನ್ರಿ. ಹಾಕಿದಾವನೂ ನಾನ."

"ಯಾರನ್ನೂ ಕೇಳಲಿಲ್ಲವಾ?" ಎಂದರು ಸೆಕ್ರೆಟರಿ.

ಅವನು ನನ್ನ ಕಡೆ ತಿರುಗಿ ನೋಡಿದ. ನಾನು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದೆ. ನಾನು ನೆಲ ನೋಡಿದೆ. "ಇಲ್ರಿ" ಎಂದ.

ಅವನನ್ನು ತೆಗೆದರು. ನನಗೆ ಶಾಲು ಹೊದಿಸಿದರು. ಹುಡುಗಿಯ ಅವ್ವ ನನ್ನ ಕಾಲು ಹಿಡಿದಳು. ಬೀಗದ ಕೈ ನನ್ನ ಸೊಂಟದಲ್ಲೇ ಉಳಿಯಿತು. ಅವನು ಖೋಲಿಯಿಂದ ಟ್ರಂಕು ಎತ್ತಿಕೊಂಡು ಹೋಗುವಾಗ, "ಬರ್ತೇನ್ರಿ ಕಾಕಾ" ಎಂದಷ್ಟೇ ಹೇಳಿದ. ಮತ್ತೊಂದು ವರ್ಷ ನಾನು ಗೆರೆ ಹಾಕಿದೆ. ಒಂದೂ ಸೀದಾ ಬರಲಿಲ್ಲ. ಆಮೇಲೆ ಊರಿಗೆ ಬಂದೆ.

ಕಳೆದ ದಸರೆಗೆ ಮುನವಳ್ಳಿಯ ನಮ್ಮ ಮನೆಗೆ ಸುಣ್ಣ ಬಳಿಯಲು ತಂದಿದ್ದರು. ರೂಢಿಯ ಮೇಲೆ ಒಂದು ಚಿಟಿಕೆ ಅಂಗೈಯಲ್ಲಿ ಹಾಕಿಕೊಂಡು ಹನಿ ನೀರು ಬಿಟ್ಟೆ. ಬಿಸಿಯಾಯಿತು. ಸೊಸೆ, "ಮಾವ, ಯಾಕ ಹಂಗ ಕುಂತ್ರಿ?" ಎಂದು ಕೇಳಿದಳು. ಚಪ್ಪಲಿ ಮೆಟ್ಟಿಕೊಂಡು ಯರಗಟ್ಟಿಯ ಬಸ್ ಹತ್ತಿದೆ.

ಅವನು ಪೇಟೆಯಲ್ಲಿ ಮಾಲು ಸಾಗಿಸುವ ಆಟೋ ಇಟ್ಟುಕೊಂಡಿದ್ದ. ಗೋವಿನಜೋಳದ ಚೀಲ ಏರಿಸುತ್ತಿದ್ದ. ನನ್ನನ್ನು ಕಂಡು ಕೈ ಝಾಡಿಸಿಕೊಂಡು ಬಂದ. ನಾನು ಎಲ್ಲ ಹೇಳಿದೆ, ಅಂಗೈ ಸುಟ್ಟದ್ದು, ಬೀಗದ ಕೈ, ಎಲ್ಲ. ಹೇಳುತ್ತ ಅಳು ಬಂತು.

"ಗೊತ್ತೈತ್ರಿ" ಎಂದ. "ಪೈಪ್ ಹಿಡದಾಗನ ಗೊತ್ತಾತು."

"ಮತ್ತ ಕಮಿಟಿಯಾಗ ಯಾಕ ಹೇಳಲಿಲ್ಲೋ?"

"ನೀವ ಹೇಳ್ತೀರಿ ಅಂತ ಕಾಯ್ದ್ನಿ. ನನ್ನ ಅಲ್ಲಿಗೆ ಕರಕೊಂಡ ಹೋದಾವ್ರು ನೀವು. ನಿಮ್ಮ ಹೆಸರ ನಾ ಹೆಂಗ ತಗೀಲಿ?" ಚೀಲದ ಬಾಯಿ ಬಿಗಿದ. "ಈಗ ನನ್ನ ಮುಂದ ಅತ್ರ ಏನ್ ಬಂತು ಕಾಕಾ? ನಂಗ ಗೊತ್ತಿದ್ದದ್ದನ್ನ ನಂಗ ಹೇಳಾಕ ಬಸ್ ಹತ್ತಿ ಬಂದೀರಿ. ಗೊತ್ತಿಲ್ಲದವರಿಗೆ ಹೇಳ್ರಿ. ಫೋನ್ ಐತಿಲ್ಲೋ? ಹಚ್ಚರಿ."

ಅಲ್ಲೇ ಆಟೋದ ಹತ್ತಿರ ನಿಂತು ಸೆಕ್ರೆಟರಿಗೆ ಹಚ್ಚಿದೆ. ಸ್ಪೀಕರ್ ಇಡಿ ಎಂದು ಅವನು ಹೇಳಿದ, ಇಟ್ಟೆ. ಎರಡನೇ ಸಲ ಹೇಳುವಾಗ ಅಳು ಬರಲಿಲ್ಲ, ಅದಕ್ಕೇ ಹೆಚ್ಚು ಕಷ್ಟವಾಯಿತು. ಮುಗಿದ ಮೇಲೆ, ಹೋಟೆಲಿನ ಪಾತ್ರೆಗಳ ಸದ್ದಿನ ನಡುವೆ ಸೆಕ್ರೆಟರಿ ಕೇಳಿದರು:

"ಅವ ಅಲ್ಲಿಯೇ ಇದ್ದಾನಾ?"

"ಅದಾನ್ರಿ."

"ಫೋನ್ ಅವನಿಗೆ ಕೊಡಿ."

ಯರಗಟ್ಟಿಯವನು ಫೋನ್ ತೆಗೆದುಕೊಂಡು, ಸ್ಪೀಕರ್ ಬಂದ್ ಮಾಡಿ, ಚೀಲಗಳ ಸಾಲಿನ ಆ ಕಡೆ ನಡೆದುಹೋದ. ಬಹಳ ಹೊತ್ತು ಮಾತಾಡಿದ. ಒಂದು ಸಲ ಅವನು ನಕ್ಕದ್ದು ಕೇಳಿಸಿತು. ನಾನು ಬರೆಯಲೇಬೇಕು: ಆಗಲೂ ನನ್ನ ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಎದ್ದಿತು. ನನ್ನೊಡನೆ ಒಂದು ಮಾತಾಡದವರು ಅವನೊಡನೆ ಅಷ್ಟು ಹೊತ್ತು ಏನು ಮಾತಾಡುತ್ತಾರೆ ಎಂದು.

ಬಂದು ಫೋನ್ ಕೊಟ್ಟ.

"ಏನಂದ್ರು?" ಎಂದೆ.

"ಅದು ನನಗ ಅಂದಾರ್ರಿ" ಎಂದ. ಆಮೇಲೆ ಜೇಬಿನಿಂದ ಚೀಟಿ ತೆಗೆದ, ಅದರಲ್ಲಿ ಸೆಕ್ರೆಟರಿ ಹೇಳಿದ ಒಂದು ನಂಬರ್ ಬರೆದುಕೊಂಡಿದ್ದ. "ಇದು ಆ ಹುಡುಗೀದು. ಇದನ್ನ ನನ್ನ ಮುಂದ ಹಚ್ಚಬ್ಯಾಡ್ರಿ. ಒಬ್ಬರ ಕುಂತು ಹಚ್ಚರಿ."

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತೆ. ಮುನವಳ್ಳಿಯ ಒಂದು ಬಸ್ ಹೋಯಿತು, ಇನ್ನೊಂದೂ ಹೋಯಿತು. ಮೂರನೆಯದು ಬರುವ ಮೊದಲು ನಂಬರ್ ಒತ್ತಿದೆ. ನನ್ನ ಊರು, ಹೆಸರು ಹೇಳಿದೆ.

"ಕಾಕಾ!" ಎಂದಳು. ಅಷ್ಟು ಸಂತೋಷದ ದನಿಯನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ. ಮನೆಯವರನ್ನೆಲ್ಲ ಕೂಗಿದಳು, ನನ್ನ ಕಣ್ಣು ಉಳಿಸಿದ ಕಾಕಾನ ಫೋನು ಎಂದು. ಅವರೆಲ್ಲ ಬಂದು ಸುತ್ತ ಕೂತ ಸದ್ದು ಕೇಳಿತು. ಅವ್ವನ ದನಿಯೂ ಕೇಳಿತು.

ಎಲ್ಲರೂ ಸುಮ್ಮನಾಗುವವರೆಗೆ ಕಾದೆ. ಆಮೇಲೆ, ಅವನು ಸುಣ್ಣದ ಚೀಲದ ಬಾಯಿ ಬಿಚ್ಚಿ ನನ್ನ ಮುಂದೆ ಇಟ್ಟಲ್ಲಿಂದ ಶುರುಮಾಡಿದೆ.